ಬಳ್ಳಿ ಉಳಿಸಿದ ಮನೆ: ಇರ್ಪಿನಿಯಾದ ಮಾಸ್ತ್ರೊಬೆರಾರ್ದಿನೊ

ಕೇಳುಗರಿಗೆ ನಮಸ್ಕಾರ.

ಇಟಲಿಯ ವೈನ್ ಎಂದರೆ ಬಲ್ಲವರ ಬಾಯಲ್ಲಿ ಮೊದಲು ಬರುವ ಹೆಸರು ಉತ್ತರದ ಪಿಯೆಮೊಂತೆ, ಇಲ್ಲವೇ ಟಸ್ಕನಿ. ನಾನು ಇವತ್ತು ಹೇಳಹೊರಟಿರುವುದು ದಕ್ಷಿಣದ ಒಂದು ಮನೆತನದ ಕಥೆ. ನೇಪಲ್ಸ್ ನಗರದಿಂದ ಕಡಲಿಗೆ ಬೆನ್ನು ಹಾಕಿ ಪೂರ್ವದ ಗುಡ್ಡಗಳತ್ತ ಐವತ್ತು ಕಿಲೋಮೀಟರಿನಷ್ಟು ಹೋದರೆ ಆವೆಲ್ಲಿನೊ ಪಟ್ಟಣ ಸಿಗುತ್ತದೆ. ಅದರ ಮಗ್ಗುಲಿಗೇ ಅತ್ರಿಪಾಲ್ದಾ. ಈ ಗುಡ್ಡಗಾಡಿಗೆ ಇರ್ಪಿನಿಯಾ ಎಂದು ಹೆಸರು. ಮನೆತನದ ಹೆಸರು ಮಾಸ್ತ್ರೊಬೆರಾರ್ದಿನೊ. ಮೊದಮೊದಲು ನಾಲಿಗೆ ತೊಡರುತ್ತದೆ, ನಾಲ್ಕಾರು ಸಲ ಹೇಳಿದರೆ ಒಗ್ಗುತ್ತದೆ. ವೈನನ್ನು ಮುಟ್ಟದವರೂ ಕೇಳಬಹುದಾದ ಕಥೆ ಇದು, ಏಕೆಂದರೆ ಇದರ ಬಹುಪಾಲು ಬೇಸಾಯದ್ದು.

ನೇಪಲ್ಸ್ ಸೀಮೆ ಎಂದೊಡನೆ ಬಿಸಿಲು, ನೀಲಿ ಕಡಲು, ನಿಂಬೆ ತೋಟ ಕಣ್ಣ ಮುಂದೆ ಬರುತ್ತವೆ. ಇರ್ಪಿನಿಯಾ ಹಾಗಿಲ್ಲ. ಚಳಿಗಾಲದಲ್ಲಿ ಇಲ್ಲಿ ಹಿಮ ಬೀಳುತ್ತದೆ. ಗುಡ್ಡದ ಮೇಲ್ಭಾಗದಲ್ಲಿ ಚೆಸ್ಟ್‌ನಟ್ ಕಾಡು, ಇಳಿಜಾರಿನಲ್ಲಿ ಹೇಝಲ್‌ನಟ್, ನಡುನಡುವೆ ದ್ರಾಕ್ಷಿ. ಜೇಡಿ ಮಣ್ಣು, ಸುಣ್ಣಕಲ್ಲು, ಅದರೊಂದಿಗೆ ವಿಸೂವಿಯಸ್ ಜ್ವಾಲಾಮುಖಿ ಯುಗಯುಗಗಳಿಂದ ಉದುರಿಸಿದ ಬೂದಿ. ಈ ನೆಲದ ಮುಖ್ಯ ತಳಿಗಳು ಮೂರು: ಕಪ್ಪಿನಲ್ಲಿ ಅಲ್ಯಾನಿಕೊ, ಬಿಳಿಯಲ್ಲಿ ಫಿಯಾನೊ ಮತ್ತು ಗ್ರೆಕೊ.

ಅಲ್ಯಾನಿಕೊ ಹಟಮಾರಿ ಬಳ್ಳಿ. ಬೇರೆಡೆಯ ರೈತರು ಕೊಯ್ಲು ಮುಗಿಸಿ ಕೈ ತೊಳೆದುಕೊಂಡಿರುವಾಗಲೂ ಇದು ಗೊಂಚಲಲ್ಲೇ ಇರುತ್ತದೆ. ಅಕ್ಟೋಬರ್ ಕೊನೆ, ಕೆಲವು ವರ್ಷ ನವೆಂಬರ್. ಅಷ್ಟು ತಡವಾಗಿ ಬಂದರೂ ಹುಳಿ ಬಿಟ್ಟಿರುವುದಿಲ್ಲ, ಒಗರಂತೂ ಇದ್ದೇ ಇದೆ. ಇದರ ಹೊಸ ವೈನನ್ನು ಬಾಯಿಗೆ ಹಾಕಿಕೊಂಡರೆ ಎಳೆಯ ನೇರಳೆ ಕಚ್ಚಿದ ಹಾಗೆ ನಾಲಿಗೆ ಹಿಡಿದುಕೊಳ್ಳುತ್ತದೆ. ಹಾಗಾಗಿಯೇ ಅಲ್ಯಾನಿಕೊದಿಂದ ಮಾಡುವ ತೌರಾಸಿ ಎಂಬ ವೈನನ್ನು ಮಾರಾಟಕ್ಕೆ ಬಿಡುವ ಮೊದಲು ಕನಿಷ್ಠ ಮೂರು ವರ್ಷ ಮಾಗಿಸಬೇಕು, ಅದರಲ್ಲಿ ಒಂದು ವರ್ಷವಾದರೂ ಮರದ ಪೀಪಾಯಿಯಲ್ಲಿ ಇರಬೇಕು ಎಂದು ಅಲ್ಲಿನ ಕಾನೂನೇ ಹೇಳುತ್ತದೆ. ವ್ಯಾಪಾರಿಯ ಕಣ್ಣಿನಿಂದ ನೋಡಿ: ಈ ವರ್ಷ ರೈತನಿಗೆ ದುಡ್ಡು ಕೊಟ್ಟು ಕೊಂಡ ಹಣ್ಣಿನಿಂದ ನಿಮ್ಮ ಗಲ್ಲಾಪೆಟ್ಟಿಗೆಗೆ ಕಾಸು ಬರುವುದು ಮೂರು ವರ್ಷ ಕಳೆದ ಮೇಲೆ. ಈ ಲೆಕ್ಕವನ್ನು ನೆನಪಿನಲ್ಲಿಡಿ, ಮುಂದಿನ ಕಥೆಗೆ ಬೇಕಾಗುತ್ತದೆ.

ಮಾಸ್ತ್ರೊಬೆರಾರ್ದಿನೊ ಮನೆಯವರು ವೈನ್ ವ್ಯವಹಾರವನ್ನು ಅಧಿಕೃತವಾಗಿ ನೋಂದಾಯಿಸಿದ್ದು 1878ರಲ್ಲಿ. 1895ರಲ್ಲಿ ಆವೆಲ್ಲಿನೊದಿಂದ ರೊಕ್ಕೆತ್ತಾ ಸಾಂತಾಂತೊನಿಯೊದವರೆಗೆ ರೈಲು ಬಂತು. ತೌರಾಸಿಯ ತೋಟಗಳ ಸೀಮೆಯನ್ನು ಹಾದುಹೋಗುವ ದಾರಿ ಅದು, ಪೀಪಾಯಿಗಳು ಹೊರಜಗತ್ತಿಗೆ ಸಾಗಲು ಅನುಕೂಲವಾಯಿತು. ಇರ್ಪಿನಿಯಾದ ವೈನಿಗೆ ಅದು ಒಳ್ಳೆಯ ಕಾಲ.

ಆಮೇಲೆ ಬಂದದ್ದು ಫಿಲೊಕ್ಸೆರಾ. ಬೇರಿನ ರಸ ಹೀರಿ ಬಳ್ಳಿಯನ್ನೇ ಒಣಗಿಸುವ, ಹೇನಿನ ಗಾತ್ರದ ಹುಳು. ಅಮೆರಿಕದಿಂದ ತಂದ ಬಳ್ಳಿಗಳ ಜೊತೆ ಹತ್ತೊಂಬತ್ತನೆಯ ಶತಮಾನದ ನಡುವೆ ಯುರೋಪಿಗೆ ಇಳಿದು, ಮೊದಲು ಫ್ರಾನ್ಸನ್ನು ತಿಂದು, ನಿಧಾನವಾಗಿ ಹಬ್ಬಿತು. ಇರ್ಪಿನಿಯಾಕ್ಕೆ ಬಂದದ್ದು ಬಹಳ ತಡವಾಗಿ, ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ. ಇದಕ್ಕೆ ಸಿಕ್ಕ ಮದ್ದೂ ಅಮೆರಿಕದ್ದೇ: ಅಲ್ಲಿನ ಕಾಡುಬಳ್ಳಿಯನ್ನು ನೆಟ್ಟು ಅದರ ಮೇಲೆ ಊರಿನ ತಳಿಯನ್ನು ಕಸಿ ಕಟ್ಟುವುದು. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರಕ್ಕೂ ಸವುಳು ನೆಲಕ್ಕೂ ತಡೆಯಲೆಂದು ಅವರು ಕಸಿಗೆ ಮೊದಲು ನೆಡುವ ಡಾಗ್ರಿಡ್ಜ್ ಬಳ್ಳಿ ಕೂಡ ಅಮೆರಿಕದ ಟೆಕ್ಸಾಸ್ ಮೂಲದ್ದು. ಹಾಗೆಯೇ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯೂ ಅಮೆರಿಕದ ಲಬ್ರಸ್ಕಾ ಕುಲಕ್ಕೆ ಸೇರಿದ್ದು. ಇಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಇಟಲಿಯಲ್ಲಿ ಅದೇ ಕುಲದ ಇಸಬೆಲ್ಲಾ ದ್ರಾಕ್ಷಿಯಿಂದ ಮಾಡಿದ್ದನ್ನು ವೈನ್ ಎಂದು ಮಾರುವಂತಿಲ್ಲ. ಒಂದೇ ಕುಲದ ಹಣ್ಣು, ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ನಿಷೇಧ.

ಕಸಿ ಕಟ್ಟಬೇಕೆಂದರೆ ಹಳೆಯ ತೋಟ ಕಿತ್ತು ಹೊಸದಾಗಿ ನೆಡಬೇಕು. ಹೇಗೂ ಹೊಸದಾಗಿ ನೆಡುವವನು ಯಾವ ತಳಿ ನೆಡುತ್ತಾನೆ? ಹೆಚ್ಚು ಇಳುವರಿಯದನ್ನು. ಎರಡನೆಯ ಮಹಾಯುದ್ಧ ಮುಗಿದಾಗ ಇರ್ಪಿನಿಯಾ ಬಡವಾಗಿತ್ತು. 1943ರಲ್ಲಿ ಆವೆಲ್ಲಿನೊ ಮೇಲೆ ಬಾಂಬ್ ಬಿದ್ದಿತ್ತು. ದುಡಿಯುವ ಕೈಗಳು ವಲಸೆ ಹೋಗುತ್ತಿದ್ದವು. ಉಳಿದ ರೈತರು ಬೇರೆ ಸೀಮೆಗಳ ತ್ರೆಬ್ಬಿಯಾನೊ, ಸಾಂಜೊವೇಸೆ, ಬಾರ್ಬೆರಾ ತಳಿಗಳತ್ತ ವಾಲಿದರು. ಅವರನ್ನು ದೂರುವ ಮನಸ್ಸು ನನಗಿಲ್ಲ, ಹೊಟ್ಟೆ ತುಂಬಬೇಕಲ್ಲ. ಫಿಯಾನೊ ಮಾತ್ರ ಕಣ್ಮರೆಯ ಅಂಚಿಗೆ ಬಂತು. ಕಾಳು ಸಣ್ಣದು, ರಸ ಕಡಿಮೆ, ಯಾರಿಗೆ ಬೇಕು?

ಆಗ ಈ ಮನೆಯ ಜವಾಬ್ದಾರಿಗೆ ಹೆಗಲು ಕೊಟ್ಟವರು ಅಂತೊನಿಯೊ ಮಾಸ್ತ್ರೊಬೆರಾರ್ದಿನೊ. ಹುಟ್ಟಿದ್ದು 1928ರಲ್ಲಿ, ಓದಿದ್ದು ರಸಾಯನಶಾಸ್ತ್ರ. ಊರವರೆಲ್ಲ ಬಿಟ್ಟ ತಳಿಗಳನ್ನೇ ನಾವು ಮಾಡುತ್ತೇವೆ ಎಂದು ಅವರು ಪಟ್ಟು ಹಿಡಿದರು. ಹಳೆಯ ತೋಟಗಳಲ್ಲಿ ಉಳಿದಿದ್ದ ಫಿಯಾನೊ, ಗ್ರೆಕೊ ಬಳ್ಳಿಗಳನ್ನು ಹುಡುಕಿಸಿ ಮತ್ತೆ ಬೆಳೆಸಿದರು. ಮುಂದೆ ಪತ್ರಿಕೆಗಳು ಅವರನ್ನು ದ್ರಾಕ್ಷಿಯ ಪುರಾತತ್ತ್ವಜ್ಞ ಎಂದು ಕರೆದವು. ಬಿರುದು ಚೆನ್ನಾಗಿದೆ, ಆದರೆ ಅವರ ಕೆಲಸದ ಅರ್ಧವನ್ನು ಮಾತ್ರ ಹೇಳುತ್ತದೆ ಎಂದು ನನಗೆ ಅನ್ನಿಸುತ್ತದೆ. ಬಳ್ಳಿಯನ್ನು ಹುಡುಕಿ ತರುವುದು ಒಂದು ಋತುವಿನ ಉತ್ಸಾಹ. ರೈತ ಅದನ್ನು ಕೀಳದಂತೆ ನೋಡಿಕೊಳ್ಳಬೇಕಾದರೆ ಪ್ರತಿ ಕೊಯ್ಲಿಗೂ ಅವನ ಹಣ್ಣನ್ನು ಕೊಳ್ಳುವವರು ಬೇಕು. ಈ ಮನೆ ಮಾಡಿದ ದೊಡ್ಡ ಕೆಲಸ ಅದು. ಮೂರು ವರ್ಷ ಕಾಯಿಸುವ ಅಲ್ಯಾನಿಕೊವನ್ನು ಕೊಂಡಿತು, ರಸವಿಲ್ಲದ ಫಿಯಾನೊವನ್ನು ಕೊಂಡಿತು, ಅದನ್ನು ಬಾಟಲಿಗೆ ತುಂಬಿ ಊರಿನ ಹೆಸರು ಹಚ್ಚಿ ಮಾರಿತು. ಅವರ 1968ರ ತೌರಾಸಿಯನ್ನು ವೈನ್ ಬಲ್ಲವರು ಇಂದಿಗೂ ಕೊಂಡಾಡುತ್ತಾರೆ. 1970ರಲ್ಲಿ ತೌರಾಸಿಗೆ ಮೂಲಸ್ಥಾನದ ಕಾನೂನು ಮಾನ್ಯತೆ ಬಂತು. 1993ರಲ್ಲಿ ಅದಕ್ಕೂ ಮೇಲಿನ ದರ್ಜೆ ದೊರೆಯಿತು, ದಕ್ಷಿಣ ಇಟಲಿಯ ಮುಖ್ಯಭೂಮಿಯಲ್ಲಿ ಅದೇ ಮೊದಲು. ಫಿಯಾನೊ, ಗ್ರೆಕೊಗಳಿಗೆ ಆ ದರ್ಜೆ ಸಿಕ್ಕಿದ್ದು 2003ರಲ್ಲಿ.

ನಡುವೆ 1980 ಬಂತು. ನವೆಂಬರ್ 23, ಭಾನುವಾರ ಸಂಜೆ. ಇರ್ಪಿನಿಯಾದ ನೆಲ ಸುಮಾರು ಒಂದೂವರೆ ನಿಮಿಷ ನಡುಗಿತು. ಮೂರು ಸಾವಿರದಷ್ಟು ಜನ ಸತ್ತರು, ಲಕ್ಷಗಟ್ಟಲೆ ಜನರ ಮನೆ ಹೋಯಿತು. ಅತ್ರಿಪಾಲ್ದಾದ ಕಟ್ಟಡಗಳನ್ನು ಮತ್ತೆ ಕಟ್ಟಿದ ಮೇಲೆ, 1986ರ ಕೊಯ್ಲಿನಿಂದ ಮಾಸ್ತ್ರೊಬೆರಾರ್ದಿನೊ ಮನೆಯವರು ರಾದೀಚಿ ಎಂಬ ಹೊಸ ತೌರಾಸಿ ತಂದರು. ಅವರ ಭಾಷೆಯಲ್ಲಿ ರಾದೀಚಿ ಎಂದರೆ ಬೇರುಗಳು. ನೆಲಮಾಳಿಗೆಯ ಕಮಾನುಗಳಿಗೆ ಕಲಾವಿದರಿಂದ ಚಿತ್ರ ಬರೆಸಿದರು. ಇವತ್ತು ಅಲ್ಲಿಗೆ ಹೋದವರು ಪೀಪಾಯಿಗಳನ್ನು ನೋಡುವ ಮುನ್ನ ತಲೆಯೆತ್ತಿ ಆ ಚಿತ್ರಗಳನ್ನೇ ನೋಡುತ್ತಾರೆ.

ಭೂಕಂಪಕ್ಕೆ ಮಣಿಯದ ಮನೆ ಪಾಲಾಯಿತು. ಕುಟುಂಬದ ವ್ಯವಹಾರ ಎಂದ ಮೇಲೆ ಇದನ್ನೂ ಹೇಳಲೇಬೇಕು, ಹಣೆಪಟ್ಟಿಯಲ್ಲಿ ತಲೆಮಾರುಗಳ ಲೆಕ್ಕ ಬರೆಯುವವರು ಸಾಮಾನ್ಯವಾಗಿ ಇದನ್ನು ಬರೆಯುವುದಿಲ್ಲ. 1994ರ ಹೊತ್ತಿಗೆ ಅಂತೊನಿಯೊ ಮತ್ತು ಸಹೋದರ ವಾಲ್ಟರ್ ಬೇರೆಯಾದರು. ಹೆಸರು ಮತ್ತು ಅತ್ರಿಪಾಲ್ದಾದ ನೆಲಮಾಳಿಗೆ ಅಂತೊನಿಯೊಗೆ, ತೋಟಗಳಲ್ಲಿ ಹೆಚ್ಚಿನವು ವಾಲ್ಟರ್‌ಗೆ. ವಾಲ್ಟರ್ ಅವರ ಮನೆಯವರು ತೆರ್ರೆದೋರಾ ಎಂಬ ಹೆಸರಿನಲ್ಲಿ ತಮ್ಮದೇ ವೈನ್ ಮಾಡತೊಡಗಿದರು. ಅವರೂ ಮಾಡಿದ್ದು ಅದೇ ಮೂರು ತಳಿಗಳಿಂದ. ಅಂತೊನಿಯೊ ಅರುವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಭೂಮಿ ಕೊಂಡು ಬಳ್ಳಿ ನೆಡಿಸಬೇಕಾಯಿತು.

ಅದಾದ ಎರಡೇ ವರ್ಷಕ್ಕೆ, 1996ರಲ್ಲಿ, ಪ್ರಾಚೀನ ರೋಮನ್ ಪಟ್ಟಣ ಪಾಂಪೇಯಿಯ ಪುರಾತತ್ತ್ವ ಅಧಿಕಾರಿಗಳ ಜೊತೆ ಸೇರಿ ಹೊಸ ಕೆಲಸವೊಂದಕ್ಕೆ ಕೈಹಾಕಿದರು. ಕ್ರಿಸ್ತಶಕ 79ರಲ್ಲಿ ವಿಸೂವಿಯಸ್ ಸಿಡಿದು ಆ ಪಟ್ಟಣ ಮುಚ್ಚಿಹೋದಾಗ ಬಳ್ಳಿಗಳೂ ಹೂತುಹೋದವು. ಬೇರು ಕೊಳೆತ ಜಾಗದಲ್ಲಿ ಪೊಳ್ಳು ಉಳಿಯಿತು. ಅಮೆರಿಕದ ವಿದ್ವಾಂಸೆ ವಿಲ್ಹೆಲ್ಮಿನಾ ಜಶೆಮ್‌ಸ್ಕಿ ಆ ಪೊಳ್ಳುಗಳನ್ನು ಬರಿದು ಮಾಡಿ, ಗಾರೆ ಹೊಯ್ದು ಬೇರಿನ ಅಚ್ಚು ತೆಗೆದಿದ್ದರು. ಒಂದೇ ತೋಟದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಳ್ಳಿಗಳ ಗುರುತು ಸಿಕ್ಕಿತ್ತು. ಸಾಲು ಎಲ್ಲಿತ್ತು, ಬಳ್ಳಿಗೂ ಬಳ್ಳಿಗೂ ಅಂತರ ಎಷ್ಟಿತ್ತು ಎಲ್ಲವೂ ತಿಳಿದಿತ್ತು. ಪ್ರಾಚೀನ ಪಾಂಪೇಯಿಯ ತೋಟಗಳ ಜಾಗದಲ್ಲಿಯೇ ಪಿಯೆದಿರೊಸ್ಸೊ, ಶಾಶಿನೊಸೊ ಎಂಬ ಸ್ಥಳೀಯ ಕಪ್ಪು ತಳಿಗಳನ್ನು ನೆಟ್ಟರು. 2001ರ ಮೊದಲ ಕೊಯ್ಲಿಗೆ ಸುಮಾರು 1,700 ಬಾಟಲಿ ವೈನ್ ಬಂತು.

ಇದನ್ನು ರೋಮನ್ನರ ವೈನ್ ಎಂದು ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ರೋಮನ್ನರು ನೆಲದಲ್ಲಿ ಹೂತ ಮಣ್ಣಿನ ಹಂಡೆಗಳಲ್ಲಿ ಹುದುಗಿಸುತ್ತಿದ್ದರು, ಜೇನು, ಮಸಾಲೆ ಬೆರೆಸಿ ಕುಡಿಯುತ್ತಿದ್ದರು. ಇಲ್ಲಿ ತೋಟ ಹಳೆಯ ಕ್ರಮದ್ದು, ವೈನ್ ತಯಾರಿಸಿದ್ದು ಇಂದಿನ ವಿಧಾನದಲ್ಲಿ. ಅಲ್ಯಾನಿಕೊವನ್ನು ಗ್ರೀಕರು ಹಡಗಿನಲ್ಲಿ ತಂದರು ಎಂಬ ಮಾತೂ ಹೀಗೆಯೇ. ಎಲ್ಲ ಕಡೆ ಮುದ್ರಣವಾಗಿದೆ, ಡಿಎನ್‌ಎ ಪರೀಕ್ಷೆಯಲ್ಲಿ ಮಾತ್ರ ಗ್ರೀಸಿನ ತಳಿಗಳೊಂದಿಗೆ ನಂಟು ಕಂಡುಬಂದಿಲ್ಲ. ಇರ್ಪಿನಿಯಾದ ಬಳ್ಳಿ ಇರ್ಪಿನಿಯಾದ್ದೇ ಆಗಿದ್ದರೆ ಅದಕ್ಕೇನು ಕುಂದು?

ಅಂತೊನಿಯೊ 2014ರಲ್ಲಿ ತೀರಿಕೊಂಡರು. ಈಗ ವ್ಯವಹಾರ ನೋಡಿಕೊಳ್ಳುವ ಮಗ ಪಿಯೆರೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಹೌದು. ಬಹುಕಾಲ ತೌರಾಸಿ ಎಂದರೆ ಹೊರಗಿನವರಿಗೆ ಗೊತ್ತಿದ್ದದ್ದು ಈ ಒಂದೇ ಮನೆಯ ಬಾಟಲಿ. 1986ರಲ್ಲಿ ಪಕ್ಕದ ಸೊರ್ಬೊ ಸೆರ್ಪಿಕೊದಲ್ಲಿ ಫೆಯುದಿ ದಿ ಸಾನ್ ಗ್ರೆಗೊರಿಯೊ ಎಂಬ ದೊಡ್ಡ ಸಂಸ್ಥೆ ಹುಟ್ಟಿತು. ಹಿಂದೆ ಗಾಡಿ ತುಂಬ ಹಣ್ಣು ತಂದು ಮಾರುತ್ತಿದ್ದ ರೈತರ ಮಕ್ಕಳು ಹಣ್ಣು ಮಾರುವುದನ್ನು ಬಿಟ್ಟು ತಮ್ಮ ಮನೆಯ ಹೆಸರಿನಲ್ಲೇ ಫಿಯಾನೊ, ತೌರಾಸಿ ಬಾಟಲಿ ತುಂಬತೊಡಗಿದರು. ಯಾರೂ ಕೇಳದಿದ್ದ ಹಣ್ಣನ್ನು ಕೊಂಡು ಕಾಪಾಡಿದ ಮನೆಗೆ ಈಗ ಅದೇ ಹಣ್ಣಿನಲ್ಲಿ ಊರ ತುಂಬ ಪೈಪೋಟಿ.

ನಮಸ್ಕಾರ.