ನೀಲ್ ಹೋದ, ಮನ್ರೋ ಉಳಿದ

ಕೇಳುಗರಿಗೆ ನಮಸ್ಕಾರ. ಬ್ರಿಟಿಷರ ಪ್ರತಿಮೆ ತೆಗೆದು, ಅಲ್ಲಿ ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ನಿಲ್ಲಿಸಬೇಕು ಅನ್ನೋ ಮಾತು ಹೊಸೂರಿನ ಟೀ ಅಂಗಡಿಯಲ್ಲೂ ಆಗಾಗ ಏಳುತ್ತದೆ. ಎಲ್ಲ ಕಿತ್ತುಹಾಕಿ ಅನ್ನುವವರು ಕೆಲವರು. ಯಾವುದನ್ನೂ ಮುಟ್ಟಬೇಡಿ ಅನ್ನುವವರು ಕೆಲವರು. ನನಗೆ ಎರಡೂ ಸೋಮಾರಿತನದ ಮಾತು ಅನಿಸುತ್ತದೆ. ಅಲ್ಲಿ ನಿಂತವನು ಯಾರು, ಏನು ಮಾಡಿದ ಅಂತ ಮೊದಲು ವಿಚಾರಿಸಬೇಕು, ಅಲ್ವಾ?

ಮದ್ರಾಸಿನ ಮೌಂಟ್ ರೋಡಿನಲ್ಲಿ ಜೇಮ್ಸ್ ನೀಲ್ ಎಂಬ ಸೇನಾಧಿಕಾರಿಯ ಪ್ರತಿಮೆ ಇತ್ತು. 1857ರಲ್ಲಿ ಅಲಹಾಬಾದಿನ ಸುತ್ತಮುತ್ತ ಹಳ್ಳಿಗಳನ್ನು ಸುಡಿಸಿ, ಕೈಗೆ ಸಿಕ್ಕವರನ್ನೆಲ್ಲ ನೇಣಿಗೆ ಹಾಕಿಸಿದವನು. ಅದೇ ವರ್ಷ ಲಖನೌದಲ್ಲಿ ಗುಂಡೇಟಿಗೆ ಸತ್ತ. ಇಂಥವನು ನಡುಬೀದಿಯಲ್ಲಿ ಏಕೆ ಅಂತ 1927ರಲ್ಲಿ ಸತ್ಯಾಗ್ರಹ ನಡೆಯಿತು. ಹೋರಾಟಗಾರರು ಜೈಲಿಗೆ ಹೋದರು. ಗಾಂಧೀಜಿ ಬೆಂಬಲ ಕೊಟ್ಟರು, ಆದರೆ ಹಿಂಸೆ ಬೇಡ ಅಂದರು. ಪ್ರತಿಮೆ ಮಾತ್ರ ಇನ್ನೂ ಹತ್ತು ವರ್ಷ ಅಲ್ಲಾಡಲಿಲ್ಲ. 1937ರಲ್ಲಿ ರಾಜಾಜಿ ಅಧಿಕಾರಕ್ಕೆ ಬಂದಾಗ ಅದು ಎಗ್ಮೋರಿನ ಮ್ಯೂಸಿಯಂ ಸೇರಿತು. ಒಡೆದು ಹಾಕಲಿಲ್ಲ, ಗಮನಿಸಿ. ರಾಜಾಜಿ ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದವರು.

ಅದೇ ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಪ್ರತಿಮೆಯಾಗಿ ಕುದುರೆ ಮೇಲೆ ಕೂತಿದ್ದಾನೆ. 1839ರಿಂದ ಇಂದಿನವರೆಗೂ. ಆ ಕುದುರೆಗೆ ಜೀನೂ ಇಲ್ಲ, ರಿಕಾಬೂ ಇಲ್ಲ, ಅದು ಬೇರೆ ತಮಾಷೆ. ಮನ್ರೋ ಗಡಿನಾಡಿನವರಿಗೆ ಹೊಸಬನಲ್ಲ. ಟಿಪ್ಪುವಿನಿಂದ ಕಂಪನಿ ಕಿತ್ತುಕೊಂಡ ಬಾರಾಮಹಲಿನಲ್ಲಿ, ಅಂದರೆ ಕೃಷ್ಣಗಿರಿ, ಧರ್ಮಪುರಿ ಕಡೆ, 1792ರಿಂದ ಕೆಲಸ ಮಾಡಿದ. ಆಮೇಲೆ ಕಾಸರಗೋಡೂ ಸೇರಿದ್ದ ಕೆನರಾ ಜಿಲ್ಲೆ. ಆಮೇಲೆ ಬಳ್ಳಾರಿ, ಅನಂತಪುರ, ಕಡಪ. ನಡುವಿನ ದಲ್ಲಾಳಿಗಳನ್ನು ಬಿಟ್ಟು ರೈತನ ಜೊತೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿ ಬೇರುಬಿಟ್ಟಿದ್ದು ಅವನ ಕಾಲದಲ್ಲೇ. ಅನಂತಪುರದ ಕಡೆ ಮಕ್ಕಳಿಗೆ ಅವನ ಹೆಸರಿಟ್ಟವರೂ ಇದ್ದರು. ಹಾಗಂತ ಅವನು ದೇವರೇನಲ್ಲ. ಕಂಪನಿಯ ಖಜಾನೆ ತುಂಬಿಸಲು ಬಂದವನೇ. ಆದರೂ ನೀಲ್ ಜೊತೆ ಅವನನ್ನು ಒಂದೇ ಗಾಡಿಗೆ ಹಾಕಲು ನನಗೆ ಮನಸ್ಸಿಲ್ಲ.

ಇನ್ನು ದೆಹಲಿ. ಇಂಡಿಯಾ ಗೇಟಿನ ಕಲ್ಲಿನ ಮಂಟಪದಿಂದ ಐದನೇ ಜಾರ್ಜ್ 1968ರಲ್ಲಿ ಇಳಿದ. ಮಂಟಪ 2022ರವರೆಗೆ ಖಾಲಿ ಇತ್ತು. ಈಗ ಅಲ್ಲಿ ನೇತಾಜಿ ಇದ್ದಾರೆ, 28 ಅಡಿ ಎತ್ತರ. ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್. ಪ್ರತಿಮೆ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾಜನಿಗೆ ಅಂತ ಕಟ್ಟಿದ ಮಂಟಪ ನೇತಾಜಿಗೆ ಏಕೆ? ಅವರಿಗೆ ಹೊಸ ಜಾಗವೇ ಸಿಗಬೇಕಿತ್ತು ಅಂತ ನನ್ನ ಆಸೆ.

ನಮ್ಮ ಕಡೆಯ ಶಾಲೆಯವರಲ್ಲಿ ಒಂದು ಕೇಳಿಕೆ. ರಾಜಾಜಿ ಹುಟ್ಟಿದ ತೊರಪಳ್ಳಿಯ ಮನೆ ಈಗ ಸ್ಮಾರಕ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ, ಗವರ್ನರ್ ಜನರಲ್ ಆಗಿದ್ದರು ಅಂತಷ್ಟೇ ಹೇಳಿ ಮುಗಿಸಬೇಡಿ. ನೀಲ್ ಕಥೆಯನ್ನೂ ಹೇಳಿ. ಮದ್ರಾಸಿಗೆ ಪ್ರವಾಸ ಹೋದರೆ ಮನ್ರೋ ಮುಂದೆಯೂ ಬಸ್ಸು ನಿಲ್ಲಿಸಿ. ಅವನನ್ನು ಇಳಿಸಬೇಕೋ ಬೇಡವೋ, ಮಕ್ಕಳೇ ಜಗಳ ಆಡಲಿ. ನಮಸ್ಕಾರ.