ಗೋಡೆಗೇರಿದ ಸುದ್ದಿಚಿತ್ರ

ಕೇಳುಗರಿಗೆ ನಮಸ್ಕಾರ.

ಪತ್ರಿಕೆಯ ಪುಟಕ್ಕೆಂದು ತೆಗೆದ ಛಾಯಾಚಿತ್ರವೊಂದು ಕೆಲವು ವರ್ಷಗಳ ಬಳಿಕ ಕಲಾ ಸಂಗ್ರಹಾಲಯದ ಗೋಡೆಯ ಮೇಲೆ, ಚೌಕಟ್ಟಿನೊಳಗೆ, ತನಗೆಂದೇ ಇರಿಸಿದ ದೀಪದ ಬೆಳಕಿನಲ್ಲಿ ಕಾಣಿಸಿಕೊಂಡಾಗ ಅದನ್ನು ನೋಡುವ ನಮ್ಮ ದೃಷ್ಟಿಯೂ ಬದಲಾಗುತ್ತದೆ. ಪತ್ರಿಕೆಯನ್ನು ಬಿಡಿಸಿದಾಗ ಏನಾಯಿತು, ಯಾರಿಗಾಯಿತು ಎಂದು ಕೇಳುವ ನಾವೇ ಗೋಡೆಯ ಮುಂದೆ ನಿಂತಾಗ ಇದನ್ನು ತೆಗೆದವರು ಯಾರು ಎಂದು ಕೇಳುತ್ತೇವೆ. ಸುದ್ದಿಚಿತ್ರದ ಶೈಲಿ ಬದಲಾಗುತ್ತ ಬಂದ ಬಗೆಯನ್ನೂ ಅದು ಲಲಿತಕಲೆಯೊಡನೆ ಬೆರೆತ ಬಗೆಯನ್ನೂ ಯೋಚಿಸುವಾಗ ನನ್ನ ಗಮನ ನಿಲ್ಲುವುದು ಈ ಎರಡು ಪ್ರಶ್ನೆಗಳ ನಡುವಿನ ಅಂತರದ ಮೇಲೆಯೇ.

ಈ ಬೆರಕೆ ಹೊಸದೇನಲ್ಲ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾ ಕೈಯಲ್ಲಿ ಹಿಡಿದು ಓಡಾಡುವಷ್ಟು ಚಿಕ್ಕದಾಗಿದ್ದುದರಿಂದ ಛಾಯಾಗ್ರಾಹಕರು ಜನರ ನಡುವೆಯೇ ನಡೆಯುತ್ತ, ಕ್ಷಣದೊಳಗೆ ಚಿತ್ರ ತೆಗೆಯುವುದು ಸುಲಭವಾಯಿತು. ಆ ಕ್ಯಾಮೆರಾದಿಂದ ಹೆಸರಾದ ಆನ್ರಿ ಕಾರ್ಟಿಯೆ-ಬ್ರೆಸಾನ್ ಮೊದಲು ಕಲಿತದ್ದು ಚಿತ್ರಕಲೆಯನ್ನು. ಆಂದ್ರೆ ಲೋಟ್ ಎಂಬ ಕಲಾವಿದರ ಶಾಲೆಯಲ್ಲಿ ದೊರೆತ ಸಂಯೋಜನೆಯ ಶಿಸ್ತು ಅವರನ್ನು ಸುದ್ದಿಯ ಬೀದಿಗಳಲ್ಲೂ ಬಿಡಲಿಲ್ಲ. ಅವರು ರಾಬರ್ಟ್ ಕಾಪಾ ಮೊದಲಾದವರೊಡನೆ 1947ರಲ್ಲಿ ಕಟ್ಟಿದ ಮ್ಯಾಗ್ನಮ್ ಸಂಸ್ಥೆ, ಚಿತ್ರದ ಹಕ್ಕು ಅದನ್ನು ತೆಗೆದವರಲ್ಲೇ ಉಳಿಯಬೇಕೆಂದು ಪಟ್ಟು ಹಿಡಿಯಿತು. ಮುಂದೆ ಸುದ್ದಿಚಿತ್ರಗಳು ಕಲಾಕೃತಿಗಳಾಗಿ ಮಾರಾಟವಾಗಲು ಈ ಹಕ್ಕೂ ಒಂದು ದಾರಿಯಾಯಿತೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಶೈಲಿಯ ದೊಡ್ಡ ಬದಲಾವಣೆಗೆ ಕಾರಣವಾದದ್ದು ದೂರದರ್ಶನ. ಘಟನೆಯನ್ನು ಎಲ್ಲರಿಗಿಂತ ಮೊದಲು ತೋರಿಸುವ ಕೆಲಸ ಅದರ ಪಾಲಾಯಿತು; 1936ರಿಂದ ಚಿತ್ರಗಳನ್ನೇ ನೆಚ್ಚಿ ಬೆಳೆದಿದ್ದ ‘ಲೈಫ್’ ವಾರಪತ್ರಿಕೆ 1972ರ ಕೊನೆಗೆ ನಿಂತುಹೋಯಿತು. ವೇಗದ ಸ್ಪರ್ಧೆಯಲ್ಲಿ ಸೋತ ಸ್ಥಿರಚಿತ್ರ ನಿಧಾನವನ್ನೇ ತನ್ನ ಬಲವಾಗಿಸಿಕೊಂಡಿತು. ಫ್ರಾನ್ಸಿನ ಲ್ಯೂಕ್ ಡೆಲಹೇ ಯುದ್ಧಭೂಮಿಗೆ ಅಗಲದೃಶ್ಯದ ಕ್ಯಾಮೆರಾವನ್ನು ಒಯ್ದು, 2001ರಲ್ಲಿ ಅಫ್ಘಾನಿಸ್ತಾನದ ಹಳ್ಳವೊಂದರಲ್ಲಿ ಸತ್ತು ಬಿದ್ದಿದ್ದ ತಾಲಿಬಾನ್ ಸೈನಿಕನ ಚಿತ್ರವನ್ನು ಎರಡು ಮೀಟರಿಗಿಂತಲೂ ಅಗಲವಾಗಿ ಮುದ್ರಿಸಿ ಗ್ಯಾಲರಿಯಲ್ಲಿ ತೂಗುಹಾಕಿದರು. ಬಳಿಕ ತಾವು ಕಲಾವಿದರೆಂದೇ ಹೇಳಿಕೊಂಡರು. ಐರ್ಲೆಂಡಿನ ರಿಚರ್ಡ್ ಮಾಸ್, ಮರೆಮಾಚಿದ ಸೇನಾ ನೆಲೆಗಳನ್ನು ಆಕಾಶದಿಂದ ಪತ್ತೆಹಚ್ಚಲು ಬಳಸುತ್ತಿದ್ದ ಇನ್‌ಫ್ರಾರೆಡ್ ಫಿಲ್ಮಿನಲ್ಲಿ ಪೂರ್ವ ಕಾಂಗೋದ ಯುದ್ಧವನ್ನು ಚಿತ್ರಿಸಿದರು. ಆ ಫಿಲ್ಮಿನಲ್ಲಿ ಹಸಿರು ಕಾಡೆಲ್ಲ ಗಾಢ ಗುಲಾಬಿ ಬಣ್ಣದ್ದು. 2013ರ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಆ ಕೃತಿಯನ್ನು ಕಂಡ ಹಲವರಿಗೆ ಸಾವಿನ ನೆಲವನ್ನು ಇಷ್ಟು ಚೆಲುವಾಗಿ ತೋರಿಸಬಹುದೇ ಎಂಬ ಸಂಕಟವಾಯಿತು.

ನಾನು ಮಾಸ್ ಅವರ ಪರವಾಗಿಯೇ ಮಾತನಾಡುತ್ತೇನೆ. ಆ ಗುಲಾಬಿ ಬಣ್ಣವನ್ನು ನಿಜವೆಂದು ಯಾರೂ ನಂಬುವುದಿಲ್ಲ; ತನ್ನ ಕೃತಕತೆಯನ್ನು ಅದು ಮುಚ್ಚಿಡುವುದಿಲ್ಲ. ಆತಂಕಪಡಬೇಕಾದದ್ದು ಮುಚ್ಚಿಟ್ಟ ತಿದ್ದುಪಡಿಯ ಬಗ್ಗೆ. 2015ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಅಂತಿಮ ಸುತ್ತಿನ ಹಿಂದಿನ ಹಂತವನ್ನು ತಲುಪಿದ್ದ ಚಿತ್ರಗಳಲ್ಲಿ ಸುಮಾರು ಶೇಕಡಾ 20ರಷ್ಟನ್ನು, ಚಿತ್ರದ ವಿವರಗಳನ್ನು ಅಳಿಸಿದ ಇಲ್ಲವೇ ಬದಲಿಸಿದ ಕಾರಣಕ್ಕೆ ಕೈಬಿಡಬೇಕಾಯಿತು. ಹಾಗೆಯೇ, ನೊಂದವರನ್ನು ತೋರಿಸುವ ಚಿತ್ರ ಅಂದವಾಗಿರಬಾರದೆಂಬ ವಾದವನ್ನೂ ನಾನು ಒಪ್ಪಲಾರೆ. ಸೆಬಾಸ್ಟಿಯಾವೊ ಸಲ್ಗಾಡೊ 1986ರಲ್ಲಿ ಬ್ರೆಜಿಲಿನ ಸೆರ್ರಾ ಪೆಲಾಡಾ ಚಿನ್ನದ ಗಣಿಯಲ್ಲಿ ತೆಗೆದ ಚಿತ್ರಗಳಲ್ಲಿ ಮಣ್ಣಿನ ಮೂಟೆ ಹೊತ್ತು ಏಣಿಯೇರುವ ಸಾವಿರಾರು ದುಡಿಯುವ ದೇಹಗಳಿಗೆ ಒಂದು ಘನತೆಯಿದೆ. ಆ ಘನತೆಯನ್ನು ಕೊಟ್ಟದ್ದು ನೆಳಲು ಬೆಳಕಿನ ಸಂಯೋಜನೆಯೇ.

ಆದರೆ ಗೋಡೆಗೇರಿದ ಚಿತ್ರದಲ್ಲಿ ಮೊದಲು ಕಳೆದುಹೋಗುವುದು ಅದರೊಳಗಿರುವ ವ್ಯಕ್ತಿ. ಡೊರೊಥಿಯಾ ಲ್ಯಾಂಜ್ 1936ರಲ್ಲಿ ಕ್ಯಾಲಿಫೋರ್ನಿಯಾದ ಕೂಲಿಗಾರರ ಬಿಡಾರದಲ್ಲಿ, ಮಕ್ಕಳನ್ನು ಒತ್ತಿಗಿಟ್ಟುಕೊಂಡು ಕುಳಿತ ತಾಯಿಯ ಚಿತ್ರ ತೆಗೆದಾಗ ಆಕೆಯ ಹೆಸರನ್ನು ಕೇಳಿ ಬರೆದುಕೊಳ್ಳಲಿಲ್ಲ. ಆಮೇಲೆ, ಸಂಯೋಜನೆಗೆ ಅಡ್ಡಿಯೆಂದು ಮೂಲೆಯಲ್ಲಿದ್ದ ಹೆಬ್ಬೆರಳೊಂದನ್ನು ನೆಗೆಟಿವ್‌ನಲ್ಲೇ ಮಸುಕುಗೊಳಿಸಲಾಯಿತು. ಚಿತ್ರ ಲೋಕವನ್ನೆಲ್ಲ ಸುತ್ತಿತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ತಿಳಿದದ್ದು ನಾಲ್ಕು ದಶಕಗಳ ಬಳಿಕ, 1978ರಲ್ಲಿ. ಆ ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲವೆಂಬ ನೋವು ಅವರಿಗಿತ್ತು.

ಇನ್ನೊಂದು ಚಿತ್ರದ ಕಥೆಯನ್ನು ಹೇಳಲೇಬೇಕು. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸ ಮೀನುಗಳ ಮೂಲಕ ಜನರ ದೇಹ ಸೇರಿತು. ತಾಯಿಯ ಗರ್ಭದಲ್ಲಿದ್ದ ಶಿಶುಗಳನ್ನೂ ಆ ವಿಷ ಬಿಡಲಿಲ್ಲ. ಅಮೆರಿಕದ ಯುಜೀನ್ ಸ್ಮಿತ್ 1971ರ ಕೊನೆಯಲ್ಲಿ ಅಲ್ಲಿಯ ತಾಯಿಯೊಬ್ಬರು ಹಾಗೆ ಹುಟ್ಟಿದ ತಮ್ಮ ಮಗಳನ್ನು ತೋಳುಗಳಲ್ಲಿ ಹಿಡಿದು ಸ್ನಾನ ಮಾಡಿಸುತ್ತಿರುವ ಚಿತ್ರವನ್ನು ಆ ಕುಟುಂಬದ ಒಪ್ಪಿಗೆಯಿಂದಲೇ ತೆಗೆದರು. ಸುತ್ತಲ ಕತ್ತಲಿನಲ್ಲಿ ಆ ಇಬ್ಬರನ್ನು ಮಾತ್ರ ತಾಕುವ ಬೆಳಕು ನೋಡಿದವರಿಗೆ, ಏಸುವಿನ ದೇಹವನ್ನು ಮಡಿಲಲ್ಲಿಟ್ಟುಕೊಂಡ ಮರಿಯಳ ಶಿಲ್ಪವನ್ನು ನೆನಪಿಸಿತು. ಮಿನಮಾಟದ ಅನ್ಯಾಯವನ್ನು ಜಗತ್ತಿಗೆ ಮುಟ್ಟಿಸಿದ್ದರಲ್ಲಿ ಈ ಕಲಾಶಕ್ತಿಯ ಪಾಲು ದೊಡ್ಡದು. ಮಗಳು 1977ರಲ್ಲಿ ತೀರಿಕೊಂಡ ಮೇಲೂ ಚಿತ್ರ ಪುಸ್ತಕದಿಂದ ಪುಸ್ತಕಕ್ಕೆ, ಪ್ರದರ್ಶನದಿಂದ ಪ್ರದರ್ಶನಕ್ಕೆ ಸಾಗುತ್ತಲೇ ಇತ್ತು. ಕೊನೆಗೆ ಹೆತ್ತವರಿಗೆ, ಇನ್ನಾದರೂ ಮಗಳಿಗೆ ವಿಶ್ರಾಂತಿ ಸಿಗಲಿ ಎನಿಸಿತು. ಮಿನಮಾಟದ ಕೆಲಸದಲ್ಲಿ ಸ್ಮಿತ್ ಅವರ ಸಹಭಾಗಿಯಾಗಿದ್ದ, ಚಿತ್ರದ ಹಕ್ಕು ಹೊಂದಿದ್ದ ಐಲೀನ್ ಸ್ಮಿತ್ 1998ರಲ್ಲಿ ಆ ಚಿತ್ರದ ಮೇಲಿನ ನಿರ್ಧಾರವನ್ನು ಆ ಕುಟುಂಬಕ್ಕೇ ಬಿಟ್ಟುಕೊಟ್ಟರು. ಆ ಬಳಿಕ ಬಹುಕಾಲ ಅದು ಹೊಸ ಪ್ರಕಟಣೆಗಳಿಂದ ದೂರ ಉಳಿಯಿತು.

ಅಷ್ಟು ದೊಡ್ಡ ಕೃತಿಯನ್ನು ಮರೆಗೆ ಸರಿಸಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ಸರಿಯೆಂದೇ ನನ್ನ ಅಭಿಪ್ರಾಯ. ಸ್ನಾನದ ಕೋಣೆಯ ಬಾಗಿಲನ್ನು ತೆರೆದವರು ಆ ತಂದೆತಾಯಿ. ಅದನ್ನು ಮುಚ್ಚುವ ಅಧಿಕಾರವೂ ಅವರದೇ ಆಗಿತ್ತು. ಹಳೆಯ ಮುದ್ರಣಗಳು ಈಗಲೂ ಹಲವು ಸಂಗ್ರಹಾಲಯಗಳಲ್ಲಿವೆ. ಅವುಗಳನ್ನು ಪ್ರದರ್ಶಿಸಬೇಕೇ ಎಂದು ತೀರ್ಮಾನಿಸುವಾಗ ಮುದ್ರಣದ ಗುಣ, ಛಾಯಾಗ್ರಾಹಕರ ಕೀರ್ತಿಗಳಿಗಿಂತ ಮೊದಲು ಆ ಮನೆಯವರ ಮಾತನ್ನು ಕೇಳಬೇಕೆಂಬುದು ನನ್ನ ಆಗ್ರಹ. ನಮಸ್ಕಾರ.