ಅಟ್ಟ ಖಾಲಿಯಾಗ್ಲಿಕ್ಕೆ ಒಂದು ಕಾರಣ ಬೇಕು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಮೈಕ್ ಕೇಳ್ತಾ ಉಂಟಾ? ಸರಿ. ಮಹಿಳಾ ಮಂಡಲದವರು ಫೋನ್ ಮಾಡಿ "ಅಕ್ಕ, ಮನೆಯ ಬೇಡದ ಸಾಮಾನು ಖಾಲಿ ಮಾಡುದರ ಬಗ್ಗೆ ಸ್ವಲ್ಪ ಮಾತಾಡ್ಬೇಕು" ಅಂದಾಗ ನಮ್ಮನೆಯವ್ರು ಪೇಪರ್ ಅಡ್ಡ ಹಿಡ್ಕೊಂಡು ನಗಾಡಿದ್ರು, ಯಾಕಂದ್ರೆ ನಮ್ಮ ಅಟ್ಟ ಖಾಲಿ ಆದದ್ದೇ ಹೋದ ವರ್ಷ, ಅದೂ ಇಪ್ಪತ್ತೆರಡು ವರ್ಷದ ಮೇಲೆ. ಹಾಗಾಗಿ ಎಕ್ಸ್‌ಪರ್ಟ್ ಬಂದಿದ್ದಾಳೆ ಅಂತ ಕೂತ್ಕೊಳ್ಬೇಡಿ, ಪೆಟ್ಟು ತಿಂದವಳು ಬಂದಿದ್ದಾಳೆ ಅಂತ ತಿಳ್ಕೊಳ್ಳಿ.

ಯೂಟ್ಯೂಬಲ್ಲಿ ತೋರಿಸ್ತಾರಲ್ಲ, ವಸಂತ ಬಂತು, ಕಿಟಕಿ ತೆಗೀರಿ, ಮನೆ ಹಗುರ ಮಾಡಿ ಅಂತ. ಅದು ಚಳಿ ದೇಶದವ್ರ ಲೆಕ್ಕ ಮಾರಾಯ್ರೆ, ಅಲ್ಲಿ ಹಿಮ ಕರಗಿದ ಮೇಲೆ ಬಾಗಿಲು ತೆಗೆಯುದು. ನಮ್ಗೆ ಉಡುಪಿಯಲ್ಲಿ ವಸಂತ ಅಂದ್ರೆ ಬೆವರು ಮತ್ತೆ ಹಲಸಿನ ಮೇಣ. ನಮ್ಮ ಮನೆಗಳು ಹೆದರುದು ಜೂನ್ ತಿಂಗಳಿಗೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು, ಅದರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೇ ಬೀಳ್ತದೆ. ಆಮೇಲೆ ಎಂತ ಒರೆಸಿದ್ರೂ ಒಣಗುದಿಲ್ಲ. ಹಾಗಾಗಿ ನಮ್ಮ ಸೀಸನ್ ಯಾವುದಂದ್ರೆ ತುಳುನಾಡಿನ ಹೊಸ ವರ್ಷ ಬಿಸುವಿನಿಂದ ಪತ್ತನಾಜೆವರೆಗೆ. ಏಪ್ರಿಲ್ 14, 15ಕ್ಕೆ ಬಿಸು ಕಣಿ ಇಡ್ತೇವೆ, ಮೇ 24ರ ಹೊತ್ತಿಗೆ ಪತ್ತನಾಜೆ, ಯಕ್ಷಗಾನ ಮೇಳದವ್ರು ಗೆಜ್ಜೆ ಬಿಚ್ತಾರೆ, ದೈವದ ಕೋಲ ನೇಮ ಎಲ್ಲ ನಿಲ್ತದೆ. ನಡುವೆ ಸಿಗುದು 40 ದಿನ, ಅದರಲ್ಲೂ ಅರ್ಧ ದಿನ ಮದುವೆ, ಉಪನಯನ, ಬ್ರಹ್ಮಕಲಶೋತ್ಸವ ಅಂತ ಹೋಗ್ತದೆ, ಅದು ನಿಮ್ಗೇ ಗೊತ್ತುಂಟು.

ನನ್ನ ತಲೆಗೆ ಬಂದ ಒಂದು ವಿಷಯ ಹೇಳ್ತೇನೆ. ನಮ್ಮ ಅತ್ತೆಯವ್ರ ಕಾಲದಲ್ಲಿ ಯಾರೂ ಬೇಡದ್ದು ತೆಗೆದು ಹಾಕುದಕ್ಕೆ ಡಿಕ್ಲಟರಿಂಗ್ ಅಂತ ಹೇಳ್ತಿರ್ಲಿಲ್ಲ, ಆದ್ರೆ ಅಟ್ಟ ವರ್ಷಕ್ಕೊಮ್ಮೆ ಖಾಲಿ ಆಗ್ಲೇಬೇಕಿತ್ತು. ಯಾಕೆ? ಮಳೆಗಾಲದ ಸಾಮಾನು ಮೇಲೆ ಹೋಗ್ಲಿಕ್ಕುಂಟು. ಕಟ್ಟಿಗೆ, ತೆಂಗಿನ ಸಿಪ್ಪೆ, ಹುಣಸೆಹುಳಿ, ಉಪ್ಪು, ಹಲಸಿನ ಹಪ್ಪಳದ ಡಬ್ಬಿ, ಮಾವಿನ ಮಿಡಿಯ ಭರಣಿ, ಮೀನು ತಿನ್ನುವ ಮನೆಯಾದ್ರೆ ಒಣಮೀನು. ಜಾಗ ಬೇಕಲ್ಲ, ಹಾಗೆ ಬೇಡದ್ದೆಲ್ಲ ತನ್ನಷ್ಟಕ್ಕೆ ಕೆಳಗೆ ಇಳಿತಿತ್ತು. ಮತ್ತೆ ಕೆಳಗೆ ಒಲೆ ಉರಿತಿತ್ತು, ಆ ಹೊಗೆ ಮೇಲೆ ಹೋಗಿ ಹಂಚಿನ ಸಂದಿಯಲ್ಲಿ ಹೊರಗೆ ಹೋಗುದು. ಹೊಗೆಗೆ ಮರ ಕಪ್ಪಾಗ್ತಿತ್ತು, ಆದ್ರೆ ಹುಳ ಹತ್ತಿರ ಬರ್ತಿರ್ಲಿಲ್ಲ, ಬೂಸ್ಟೂ ಕಮ್ಮಿ. ಗ್ಯಾಸ್ ಬಂತು, ಹೊಗೆ ಹೋಯ್ತು, ಒಳ್ಳೇದೇ, ಅತ್ತೆಯ ಕೆಮ್ಮೂ ನಿಂತಿತು. ಆದ್ರೆ ಅಟ್ಟಕ್ಕೆ ಒರಲೆ ಅಂದ್ರೆ ಗೆದ್ದಲು ಬಂತು. ಈಗ ಅಕ್ಕಿ ತಿಂಗಳು ತಿಂಗಳು ಅಂಗಡಿಯಿಂದ ಬರ್ತದೆ, ಉಪ್ಪಿನಕಾಯಿ ಪ್ಯಾಕೆಟಲ್ಲಿ ಬರ್ತದೆ, ಅಟ್ಟಕ್ಕೆ ವರ್ಷಕ್ಕೊಮ್ಮೆ ಖಾಲಿ ಆಗುವ ಕಾರಣವೇ ಇಲ್ಲ. ಮೇಲೆ ಹೋದದ್ದು ಹೋಯ್ತು. ನಮ್ಮ ಅಟ್ಟದಲ್ಲಿ ಒಂದು ಮಿಕ್ಸಿಯ ಬಾಕ್ಸ್ ಇತ್ತು, ಥರ್ಮೊಕೋಲ್ ಸಮೇತ, ವಾರಂಟಿಗೆ ಬೇಕಾಗ್ತದೆ ಅಂತ ಇಟ್ಟದ್ದು. ಮಿಕ್ಸಿ ಗುಜರಿಗೆ ಹೋಗಿ ಒಂಬತ್ತು ವರ್ಷ ಆಗಿತ್ತು!

ಅದಕ್ಕೆ ನಾನು ಈ ಸಲ ಸುಮ್ನೆ ಒಂದು ಕಾರಣ ಹುಟ್ಟಿಸಿದೆ. ಏಪ್ರಿಲಲ್ಲೇ 200 ಹಪ್ಪಳಕ್ಕೆ ಹಲಸಿನಕಾಯಿ ಹೇಳಿಟ್ಟೆ. ಹಪ್ಪಳ ಆದ್ರೆ ಡಬ್ಬಿ ಇಡ್ಲಿಕ್ಕೆ ಜಾಗ ಬೇಕು, ಜಾಗ ಬೇಕಾದ್ರೆ ಅಟ್ಟ ಹತ್ತಲೇಬೇಕು. ಡಬ್ಬಿ ಮಾತ್ರ ಸ್ಟೀಲಿನದ್ದು ತಗೊಳ್ಳಿ, ಹೆಗ್ಗಣಕ್ಕೆ ಪ್ಲಾಸ್ಟಿಕ್ ಲೆಕ್ಕಕ್ಕೇ ಇಲ್ಲ.

ಈಗ ಕಾಗದದ ವಿಷಯ, ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಹೋದ ವರ್ಷ ಮಾವನವ್ರ ಒಂದು ತಗಡಿನ ಪೆಟ್ಟಿಗೆ, ತುಕ್ಕು ಹಿಡಿದದ್ದು, ಮೇಲೆ ಹಳೇ ಕ್ಯಾಲೆಂಡರ್, ಮದುವೆ ಕಾಗದ ಎಲ್ಲ ಇತ್ತು, ನಾನು ಎರಡು ಪದರ ನೋಡಿದೆ, ಮೂರನೇದು ನೋಡ್ಲಿಲ್ಲ, ಗುಜರಿಯವನ ತಕ್ಕಡಿಗೆ ಹಾಕಿ ಕಳಿಸಿದೆ, 46 ರೂಪಾಯಿ ಸಿಕ್ಕಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಕೇಳಿದ್ರು, "ಆ ಪೆಟ್ಟಿಗೆಯಲ್ಲಿ ಡಿಕ್ಲರೇಶನ್ ಕಾಗದ ಇತ್ತಲ್ವಾ ಮಗಾ?" ನನ್ನ ಕೈಯಲ್ಲಿದ್ದ ತುತ್ತು ಹಾಗೇ ಉಳೀತು. ಇಲ್ಲಿ ವಯಸ್ಸಾದವ್ರಿಗೆ ಗೊತ್ತುಂಟು, 1974ರ ಭೂಸುಧಾರಣೆಯಲ್ಲಿ ಗೇಣಿಗೆ ಗದ್ದೆ ಮಾಡ್ತಿದ್ದವ್ರು ಭೂಮಿ ನಮ್ಮ ಹೆಸರಿಗೆ ಮಾಡಿ ಅಂತ ಫಾರ್ಮ್ 7, ಅದೇ ಡಿಕ್ಲರೇಶನ್, ಕೊಟ್ಟು, ಟ್ರಿಬ್ಯುನಲಲ್ಲಿ ಆರ್ಡರ್ ಆಗಿ, ಭೂಮಿ ಹೆಸರಿಗೆ ಬಂದದ್ದು. ನಮ್ಮ ಗದ್ದೆಯೂ ಹಾಗೇ ಬಂದದ್ದು. ರಿಕ್ಷಾ ಮಾಡ್ಕೊಂಡು ಓಡಿದೆ, ಗುಜರಿ ಅಂಗಡಿಯ ಹುಡುಗ ಪುಣ್ಯಾತ್ಮ, ಕಟ್ಟು ಬಿಚ್ಚಿರ್ಲಿಲ್ಲ. ಆರ್ಡರ್ ಸಿಕ್ಕಿತು, ಆದ್ರೆ ಮೇಲಿನ ಬಲಮೂಲೆ ಒರಲೆ ತಿಂದು ನಕ್ಷೆಯ ಹಾಗೆ ಆಗಿತ್ತು, ಸರ್ವೆ ನಂಬರ್ ಮಾತ್ರ ದೇವರ ದಯದಿಂದ ಉಳಿದಿತ್ತು. 46 ರೂಪಾಯಿ ವಾಪಸ್ ಕೊಡ್ಲಿಕ್ಕೆ ಹೋದ್ರೆ ಹುಡುಗ ತಗೊಳ್ಳಲೇ ಇಲ್ಲ. ಈಗ ಅದನ್ನು ಫೈಲಲ್ಲಿ ಹಾಕಿ, ಫೋಟೋ ತೆಗ್ದು ಮೂರೂ ಮಕ್ಕಳ ಫೋನಿಗೆ ಕಳಿಸಿದ್ದೇನೆ.

ಪಾಸ್‌ಬುಕ್ಕೂ ಹಾಗೆಯೇ. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಯಷ್ಟು ಬ್ಯಾಂಕ್ ಹುಟ್ಟಿದ ಜಾಗ ಬೇರೆ ಎಲ್ಲುಂಟು ಹೇಳಿ! ಸಿಂಡಿಕೇಟ್ ಬ್ಯಾಂಕಿನವ್ರು 1928ರಲ್ಲೇ ಪಿಗ್ಮಿ ಅಂತ ದಿನದ ಉಳಿತಾಯ ಶುರು ಮಾಡಿ ದಿನಾ ಮನೆಗೇ ಬಂದು ಎರಡಾಣೆ ತಗೊಂಡು ಹೋಗ್ತಿದ್ರು, ಹಾಗಾಗಿ ಅಜ್ಜಿಯಂದಿರ ಟ್ರಂಕಲ್ಲಿ ಒಂದಾದ್ರೂ ಪುಸ್ತಕ ಇರ್ತದೆ. ಈಗ ಆ ಬ್ಯಾಂಕೇ ಇಲ್ವಲ್ಲ ಅಂತ ಹರಿದು ಬಿಸಾಡ್ಬೇಡಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು, 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ. ಹತ್ತು ವರ್ಷ ಯಾರೂ ಮುಟ್ಟದ ದುಡ್ಡು ರಿಸರ್ವ್ ಬ್ಯಾಂಕಿನ ಫಂಡಿಗೆ ಹೋಗ್ತದೆ, ಆದ್ರೂ ವಾರಸುದಾರರು ಬ್ಯಾಂಕಿನ ಮೂಲಕ ಕೇಳ್ಬಹುದು. ಹುಡುಕ್ಲಿಕ್ಕೆ 2023ರಲ್ಲಿ ರಿಸರ್ವ್ ಬ್ಯಾಂಕ್ ಉದ್ಗಮ್ ಅಂತ ಒಂದು ಪೋರ್ಟಲ್ ಕೂಡ ಮಾಡಿದೆ, ಮಕ್ಕಳ ಹತ್ರ ಹೇಳಿದ್ರೆ ನೋಡಿ ಕೊಡ್ತಾರೆ.

ಬಟ್ಟೆಯ ಬಗ್ಗೆ ಜಾಸ್ತಿ ಹೇಳುದಿಲ್ಲ, ನಿಮ್ಗೆ ನನಗಿಂತ ಹೆಚ್ಚು ಗೊತ್ತುಂಟು. ರೇಷ್ಮೆ ಸೀರೆ ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ, ಇಲ್ಲಾಂದ್ರೆ ಜರಿ ಅದೇ ಗೆರೆಯಲ್ಲಿ ತುಂಡಾಗ್ತದೆ. ಕಬ್ಬಿಣದ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೀರಿ. ಅಷ್ಟೇ.

ಮನೆಯ ಹಿಂದಿನ ಜಾಗಕ್ಕೆ ಬರುವ. ಒಳಗಿಂದ ಹೊರಗೆ ಹಾಕಿದ್ದೆಲ್ಲ ಅಲ್ಲಿ ಸೇರಿದ್ರೆ ಅದು ಕ್ಲೀನಿಂಗ್ ಅಲ್ಲ, ಜಾಗ ಬದಲಾದದ್ದು. ಒಡೆದ ಬಕೆಟ್, ಹಳೇ ಟಯರ್, ಚಿಪ್ಪು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಇದ್ರಲ್ಲೆಲ್ಲ ಮೊದಲ ಮಳೆಗೇ ನೀರು ನಿಲ್ತದೆ. ಡೆಂಗಿ ಸೊಳ್ಳೆಯ ಮೊಟ್ಟೆ ಒಣಗಿದ ಪಾತ್ರೆಯ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಲೆ ಬದುಕ್ತದೆ, ನೀರು ಬಿದ್ದ ಕೂಡ್ಲೇ ಒಡೀತದೆ. ಹಾಗಾಗಿ ನೀರು ಚೆಲ್ಲಿದ್ರೆ ಸಾಕಾಗುದಿಲ್ಲ, ತೆಂಗಿನ ನಾರು ತಗೊಂಡು ಒಳಬದಿ ಉಜ್ಜಿ ಮಗುಚಿ ಇಡಿ.

ಮತ್ತೆ ದಯವಿಟ್ಟು ಎಲ್ಲವನ್ನೂ ಒಂದೇ ಗೋಣಿಯಲ್ಲಿ ಕಟ್ಟಿ ರಸ್ತೆ ಬದಿಗೆ ಇಡ್ಬೇಡಿ. ಮಂಗಳೂರಿನವ್ರು ಮರ್ತಿರ್ಲಿಕ್ಕಿಲ್ಲ, 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡೆ ಜಾರಿ ಕೆಳಗೆ ಮಂದಾರದ ಅಡಿಕೆ ತೋಟ, ಮನೆಗಳ ಮೇಲೆ ಬಂತು, ಜನ ಮನೆ ಬಿಟ್ಟು ಹೋಗ್ಬೇಕಾಯ್ತು. ಅದರಲ್ಲಿ ನಮ್ಮ ನಿಮ್ಮ ಮನೆಯ ಗೋಣಿಯೂ ಇತ್ತು. ಟ್ಯೂಬ್‌ಲೈಟ್, ಬ್ಯಾಟರಿ, ಹಳೇ ಮಾತ್ರೆ ಬೇರೆ ಕಟ್ಟಿ, ಒಣಕಸ ಬೇರೆ.

ಹಿತ್ತಾಳೆ ಹಂಡೆ, ಕಲೆಂಬಿ ಅಂದ್ರೆ ಮರದ ದೊಡ್ಡ ಪೆಟ್ಟಿಗೆ, ಅಕ್ಕಿ ಅಳೆಯುವ ಸೇರು, ಕಳಸಿಗೆ ಇದ್ರೆ ತೂಕಕ್ಕೆ ಮಾತ್ರ ಕೊಡ್ಬೇಡಿ. ಮಣಿಪಾಲದ ಹಸ್ತಶಿಲ್ಪ ಅನ್ನುವ ಹಳೇ ಮನೆಗಳ ಮ್ಯೂಸಿಯಮ್ಮಲ್ಲಿ ವಿಜಯನಾಥ ಶೆಣೈಯವ್ರು ಬಿಚ್ಚಿ ಹಾಕಿದ ಮನೆಗಳನ್ನೇ ತಂದು ನಿಲ್ಲಿಸಿದ್ದಾರೆ, ಒಮ್ಮೆ ಹೋಗಿ ನೋಡಿ. ನಾನು ಹೋದಾಗ ನಮ್ಮನೆಯದ್ದೇ ಮಾದರಿಯ ಮರಿಗೆ ಅನ್ನುವ ಮರದ ಪಾತ್ರೆ ಕಂಡು ಹೊಟ್ಟೆ ಉರೀತು, ನಮ್ಮದನ್ನು ಕಿಲೋ ಲೆಕ್ಕದಲ್ಲಿ ಸೌದೆಗೆ ಕೊಟ್ಟಾಗಿತ್ತು.

ಕೊನೆಗೆ ಉಳಿದದ್ದು ಜನರ ವಿಷಯ. ನಮ್ಮದು ಕುಟುಂಬದ ಮನೆ, ಎಲ್ಲರ ಸಾಮಾನೂ ಅಲ್ಲೇ. ದೈವದ ಕೋಣೆಗೆ ನಾನು ಕೈ ಹಾಕ್ಲಿಲ್ಲ, ಅದಕ್ಕೆ ಹಿರಿಯರು ಇದ್ದಾರೆ. ನಾದಿನಿಯ ಕಾಲೇಜಿನ ನೋಟ್ಸ್ ಇತ್ತು, ವಿಡಿಯೋ ಕಾಲ್ ಮಾಡಿ ಪುಟ ಪುಟ ತೋರಿಸಿದೆ, "ಬಿಸಾಡಿ ಅತ್ತಿಗೆ" ಅಂದ್ಲು, ಒಂದು ಗಂಟೆ ಬಿಟ್ಟು ಫೋನ್ ಮಾಡಿ "ಆ ನೀಲಿ ಬೈಂಡಿನದ್ದು ಇಡಿ" ಅಂದ್ಲು. ಭಾವನ ಒಂದು ಸೂಟ್‌ಕೇಸ್ ಉಂಟು, 1998ರಲ್ಲಿ ಬಹ್ರೇನಿಂದ ತಂದದ್ದು, ಸುತ್ತ ಹಗ್ಗ, ಮೇಲೆ ಮಾರ್ಕರಲ್ಲಿ ಹೆಸರು. ಒಳಗೆ ಎಂತ ಉಂಟು ಅಂತ ಅವ್ರಿಗೂ ನೆನಪಿಲ್ಲ. ನಮ್ಮನೆಯವ್ರು ಬೀಗ ಒಡೆಯುವ ಅಂದ್ರು, ನಾನು ಬಿಡ್ಲಿಲ್ಲ, ಒರೆಸಿ, ಕೆಳಗೆ ಎರಡು ಇಟ್ಟಿಗೆ ಕೊಟ್ಟು ಇಟ್ಟಿದ್ದೇನೆ. ಮೇ 18ಕ್ಕೆ ಬರ್ತಾರಂತೆ, ಕೀ ಅವ್ರ ಹತ್ರವೇ ಉಂಟಂತೆ.